ಮೆಣಸು ಯಾರು ಕುಯ್ಯಬೇಕು?

ಹೋದ ಸಂಚಿಕೆಯಲ್ಲಿ ಒಬ್ಬರಿಗೆ ಉತ್ತರ ಬರೆಯುವಾಗ ‘ತುಲನಾತ್ಮಕ ಅನುಕೂಲ’ ಅನ್ನುವ ಮಾತು ಬಂದಿತ್ತು. ಯಾವ ಕೆಲಸ ಹಿಡಿದರೆ ಬೇರೆ ಕೆಲಸದಲ್ಲಿ ಬಿಟ್ಟುಕೊಡುವುದು ಕಡಿಮೆಯೋ ಅದನ್ನೇ ಹಿಡಿಯಬೇಕು ಅಂತ ಅದರ ಅರ್ಥ. ಈ ಸಲದ ಕಾಗದಗಳೆಲ್ಲ ಅದರ ಸುತ್ತಲೇ. ಹಾಸನದಿಂದ, ಚಿಕ್ಕಮಗಳೂರಿನಿಂದ, ಸಕಲೇಶಪುರ ಮೂಡಿಗೆರೆ ಕಡೆಯಿಂದ. ಕೆಲವರು ಕೇಳಿದ್ದಾರೆ, ಕೆಲವರು ಜಗಳಕ್ಕೇ ಬಂದಿದ್ದಾರೆ. ಹಾಸನದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದಾಗಲೂ ‘ಅದ್ಹೆಂಗೆ ಮೇಡಂ?’ ಅಂತ ಹಿಂದಿನ ಬೆಂಚಿನಿಂದ ಕೂಗುವ ಹುಡುಗರಿದ್ದ ಕ್ಲಾಸೇ ನನಗೆ ಇಷ್ಟ. ಹಾಗಾಗಿ ಜಗಳದ ಕಾಗದಗಳನ್ನು ಒಂದೂ ಬಿಟ್ಟಿಲ್ಲ.

ಪ್ರಶ್ನೆ: ನಮ್ಮದು ಐದೆಕರೆ ರೋಬಸ್ಟಾ ಕಾಫಿ ತೋಟ. ಸಿಲ್ವರ್ ಮರಗಳಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಜನವರಿ ಕಳೆದರೆ ಕಾಫಿ, ಮೆಣಸು ಎರಡೂ ಒಟ್ಟಿಗೇ ಕುಯ್ಲಿಗೆ ಬರುತ್ತವೆ. ಏಣಿ ಹತ್ತಿ ಮೆಣಸು ಕುಯ್ಯುವುದರಲ್ಲೂ, ಕೆಳಗೆ ನಿಂತು ಹಣ್ಣು ಬಿಡಿಸುವುದರಲ್ಲೂ ನಾನು ನಮ್ಮ ಆಳಿಗಿಂತ ಮುಂದೆ. ಹಾಗಿದ್ದ ಮೇಲೆ ಆಳು ಇಟ್ಟುಕೊಳ್ಳುವುದು ನಷ್ಟ ಅಲ್ವಾ? ನಮ್ಮ ತಂದೆ ಹಾಗೇ ಹೇಳುತ್ತಾರೆ.
– ಒಬ್ಬ ಬೆಳೆಗಾರರು, ಮೂಡಿಗೆರೆ ತಾಲ್ಲೂಕು

ಉತ್ತರ: ನಿಮ್ಮ ತಂದೆಯವರು ಕೇಳುತ್ತಿರುವುದು ‘ಯಾರು ಚುರುಕು?’ ಅಂತ. ನೀವು ಬೇರೆ ಪ್ರಶ್ನೆ ಕೇಳಿಕೊಳ್ಳಬೇಕು. ದಿನಕ್ಕೆ ನಿಮಗಿರುವುದು ಎರಡೇ ಕೈ. ಅವು ಏಣಿಯ ಮೇಲಿದ್ದಾಗ ಕೆಳಗಿನ ಗಿಡದಲ್ಲಿ ಇರುವುದಿಲ್ಲ. ಒಂದು ಕೆ.ಜಿ. ಮೆಣಸು ಕುಯ್ದರೆ ಎಷ್ಟು ಕಾಫಿ ಬಿಟ್ಟ ಹಾಗಾಯ್ತು? ಅದನ್ನು ಲೆಕ್ಕ ಹಾಕಿ.

ಸುಮ್ನೆ ಒಂದಿಷ್ಟು ಅಂಕಿ ಹಿಡಿಯೋಣ. ನೀವು ದಿನವಿಡೀ ಮೆಣಸು ಕುಯ್ದರೆ 40 ಕೆ.ಜಿ. ಹಸಿ ಮೆಣಸು. ದಿನವಿಡೀ ಕಾಫಿ ಬಿಡಿಸಿದರೆ 120 ಕೆ.ಜಿ. ಹಣ್ಣು. ನಿಮ್ಮ ಆಳು ಏಣಿಗೆ ಹೊಸಬ ಅಂದುಕೊಳ್ಳಿ. ದಿನಕ್ಕೆ 10 ಕೆ.ಜಿ. ಮೆಣಸು ಇಳಿಸಿದರೆ ಹೆಚ್ಚು. ಹಣ್ಣಾದರೆ 90 ಕೆ.ಜಿ. ಬಿಡಿಸುತ್ತಾನೆ. ಎರಡರಲ್ಲೂ ನೀವೇ ಮುಂದೆ. ಪುಸ್ತಕದಲ್ಲಿ ಇದಕ್ಕೆ ನಿರಪೇಕ್ಷ ಅನುಕೂಲ ಅಂತಾರೆ.

ಈಗ ಬಿಟ್ಟದ್ದನ್ನು ನೋಡಿ. ಒಂದು ಕೆ.ಜಿ. ಮೆಣಸು ಕುಯ್ಯುವ ಹೊತ್ತಿನಲ್ಲಿ ನೀವು 3 ಕೆ.ಜಿ. ಹಣ್ಣು ಬಿಡಿಸಬಹುದಿತ್ತು. ಅವನು ಒಂದು ಕೆ.ಜಿ. ಮೆಣಸು ಕುಯ್ಯುವ ಹೊತ್ತಿನಲ್ಲಿ 9 ಕೆ.ಜಿ. ಹಣ್ಣು ಬಿಡಿಸಬಹುದಿತ್ತು. ಅವನನ್ನು ಏಣಿ ಹತ್ತಿಸಿದರೆ ಪ್ರತಿ ಕೆ.ಜಿ. ಮೆಣಸಿಗೆ 9 ಕೆ.ಜಿ. ಹಣ್ಣು ಗಿಡದಲ್ಲೇ ಉಳಿಯುತ್ತದೆ. ನೀವು ಹತ್ತಿದರೆ ಉಳಿಯುವುದು ಮೂರೇ. ಮೆಣಸು ನಿಮ್ಮ ಕೈಯಲ್ಲಿ ಅಗ್ಗ, ಕಾಫಿ ಅವನ ಕೈಯಲ್ಲಿ ಅಗ್ಗ. ತುಲನಾತ್ಮಕ ಅನುಕೂಲ ಅಂದರೆ ಇದೇ. ಇದಕ್ಕಿಂತ ಜಾಸ್ತಿ ಏನೂ ಇಲ್ಲ.

ಎರಡು ದಿನದ ಕೆಲಸ ಹಾಕಿ ನೋಡಿ. ಇಬ್ಬರೂ ಒಂದು ದಿನ ಮೆಣಸು, ಒಂದು ದಿನ ಕಾಫಿ ಅಂತ ಹಂಚಿಕೊಂಡರೆ ಒಟ್ಟು 50 ಕೆ.ಜಿ. ಮೆಣಸು, 210 ಕೆ.ಜಿ. ಹಣ್ಣು. ಅದರ ಬದಲು ಅವನು ಎರಡೂ ದಿನ ಕಾಫಿಯಲ್ಲೇ ಇರಲಿ: 180 ಕೆ.ಜಿ. ನೀವು ಒಂದೂವರೆ ದಿನ ಮೆಣಸು ಕುಯ್ಯಿರಿ: 60 ಕೆ.ಜಿ. ಉಳಿದ ಅರ್ಧ ದಿನ ಕಾಫಿ: 60 ಕೆ.ಜಿ. ಒಟ್ಟು ಎಷ್ಟಾಯ್ತು? 60 ಕೆ.ಜಿ. ಮೆಣಸು, 240 ಕೆ.ಜಿ. ಹಣ್ಣು. ಎರಡೂ ಜಾಸ್ತಿ. ಯಾರೂ ಬೇಗ ಬೇಗ ಕುಯ್ಯಲಿಲ್ಲ, ಯಾರೂ ಹೊತ್ತು ಮುಳುಗಿದ ಮೇಲೆ ದುಡಿಯಲಿಲ್ಲ. ಯಾವ ಕೈ ಎಲ್ಲಿರಬೇಕು ಅನ್ನುವುದಷ್ಟೇ ಬದಲಾಯ್ತು.

ಇನ್ನು ಕೂಲಿ. ಅವನು ಬಿಡಿಸಿದ ಹಣ್ಣಿನ ಬೆಲೆ ಅವನ ಕೂಲಿಗಿಂತ ಜಾಸ್ತಿ ಇರುವ ತನಕ ಅವನನ್ನು ಇಟ್ಟುಕೊಳ್ಳುವುದರಲ್ಲಿ ನಷ್ಟವಿಲ್ಲ. ಕಾಫಿ ರೇಟು ನೆಲ ಕಚ್ಚಿದ ವರ್ಷ ಈ ಲೆಕ್ಕ ಬದಲಾಗುತ್ತದೆ. ಅದಕ್ಕೆ ಕಾರಣ ಮಾತ್ರ ರೇಟು. ನೀವು ಅವನಿಗಿಂತ ಚುರುಕು ಅನ್ನುವುದು ಕಾರಣವಲ್ಲ.

ಒಂದು ಮಾತು ಅಂಕಿಯ ಹೊರಗಿನದು. ನಮ್ಮ ತೋಟದಲ್ಲಿ ಏಣಿ ಹತ್ತುವವನು ನನ್ನ ಮೈದುನ. ಒಂಟಿ ಬಿದಿರಿನ ಏಣಿ. ಸಿಲ್ವರ್ ಮರಕ್ಕೆ ಒರಗಿಸಿ ಮೇಲೆ ಹಗ್ಗದಲ್ಲಿ ಕಟ್ಟಬೇಕು. ಸೊಂಟಕ್ಕೆ ಗೋಣಿ ಚೀಲ, ಒಂದು ಕೈ ಮರಕ್ಕೆ, ಒಂದು ಕೈ ಗೊಂಚಲಿಗೆ. ಕೈ ಜಾರಿ ಗೊಂಚಲು ಬಿದ್ದರೆ ತರಗೆಲೆಯಲ್ಲಿ ಕಾಳು ಆರಿಸುವ ಕೆಲಸ ಬೇರೆ. ಏಣಿಯ ಬುಡ ಒಂದು ಗೇಣು ಸರಿದರೂ ಕೆಳಗೆ ನಿಂತ ನನ್ನ ಎದೆ ಧಸಕ್ಕೆನ್ನುತ್ತದೆ. ಬಿದ್ದು ಸೊಂಟ ಮುರಿದುಕೊಂಡರೆ ಆ ವರ್ಷದ ಕುಯ್ಲೇ ಹೋಯ್ತು. ಮೇಲಿನ ಲೆಕ್ಕದಲ್ಲಿ ಈ ಅಪಾಯ ಸೇರಿಲ್ಲ. ನಿಮ್ಮ ವಯಸ್ಸು ಬರೆದಿಲ್ಲ. ಐವತ್ತು ದಾಟಿದ್ದರೆ ಏಣಿ ಪಳಗಿದವನೊಬ್ಬನನ್ನು ಹುಡುಕಿ, ನೀವು ಕೆಳಗಿರಿ.

ಪ್ರಶ್ನೆ: ರಿಕಾರ್ಡೊ ಉದಾಹರಣೆಯಲ್ಲಿ ಪೋರ್ಚುಗಲ್‌ಗೆ ಬಟ್ಟೆ, ವೈನ್ ಎರಡೂ ಕಡಿಮೆ ಶ್ರಮದಲ್ಲಿ ಆಗುತ್ತದೆ. ಮತ್ತೆ ಇಂಗ್ಲೆಂಡಿನಿಂದ ಬಟ್ಟೆ ಯಾಕೆ ತರಿಸಬೇಕು? ಆಡಂ ಸ್ಮಿತ್ ಹೇಳಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ಪರೀಕ್ಷೆಗೆ ಬರುವ ಪ್ರಶ್ನೆ ಮೇಡಂ.
– ಬಿ.ಎ. ವಿದ್ಯಾರ್ಥಿನಿ, ಹಾಸನ

ಉತ್ತರ: ನೋಡಮ್ಮ, ಮೇಲಿನ ತೋಟದ ಲೆಕ್ಕ ಓದಿದ್ದರೆ ನಿನಗೆ ಅರ್ಧ ಉತ್ತರ ಆಗಲೇ ಸಿಕ್ಕಿದೆ. ಪರೀಕ್ಷೆಯಲ್ಲಿ ಮೆಣಸು ಬರೆದರೆ ಮಾರ್ಕ್ಸ್ ಕೊಡುವುದಿಲ್ಲ, ಅಷ್ಟೇ.

ಅರ್ಥಶಾಸ್ತ್ರಜ್ಞ ಸ್ಮಿತ್ ತನ್ನ ‘ವೆಲ್ತ್ ಆಫ್ ನೇಷನ್ಸ್’ ಪುಸ್ತಕದಲ್ಲಿ 1776ರಲ್ಲಿ ಹೇಳಿದ್ದು ಸುಲಭದ ಮಾತು. ನಾವು ಮಾಡುವುದಕ್ಕಿಂತ ಕಡಿಮೆ ಖರ್ಚಿನಲ್ಲಿ ಹೊರಗಿನವರು ಕೊಟ್ಟರೆ ಅವರಿಂದ ಕೊಳ್ಳಬೇಕು, ನಮ್ಮ ಕೈ ಎಲ್ಲಿ ಮೇಲಾಗಿದೆಯೋ ಆ ಕೆಲಸದಿಂದ ಅದರ ಬೆಲೆ ಕೊಡಬೇಕು. ನಿರಪೇಕ್ಷ ಅನುಕೂಲ ಅಂತ ಪಠ್ಯದಲ್ಲಿ ಬರುವುದು ಇದೇ. ಇದರಲ್ಲಿ ಒಂದು ಸಂದು ಉಳಿಯಿತು. ಒಂದು ದೇಶ ಎಲ್ಲದರಲ್ಲೂ ಹಿಂದಿದ್ದರೆ? ಅದರ ಹತ್ತಿರ ಮಾರುವುದಕ್ಕೆ ಏನೂ ಇಲ್ಲವಾ? ಆ ಸಂದು ಮುಚ್ಚಿದವನು ಡೇವಿಡ್ ರಿಕಾರ್ಡೊ, 1817ರಲ್ಲಿ.

ಅವನ ಅಂಕಿ ಬಾಯಿಪಾಠ ಮಾಡಿಕೋ, ಬರೀ ನಾಲ್ಕು. ಒಂದಿಷ್ಟು ಬಟ್ಟೆಗೆ ಇಂಗ್ಲೆಂಡಿನಲ್ಲಿ ವರ್ಷಕ್ಕೆ 100 ಜನರ ದುಡಿಮೆ, ಒಂದಿಷ್ಟು ವೈನಿಗೆ 120. ಅಷ್ಟೇ ಬಟ್ಟೆಗೆ ಪೋರ್ಚುಗಲ್ಲಿನಲ್ಲಿ 90, ಅಷ್ಟೇ ವೈನಿಗೆ 80. ಎರಡರಲ್ಲೂ ಪೋರ್ಚುಗಲ್ ಮುಂದೆ, ಸರಿ. ಆದರೆ ಅದು 90 ಜನರನ್ನು ಬಟ್ಟೆಗೆ ಕೂರಿಸುವ ಬದಲು, 80 ಜನರಿಂದ ವೈನ್ ಮಾಡಿಸಿ ಇಂಗ್ಲೆಂಡಿಗೆ ಕೊಟ್ಟು ಅದೇ ಬಟ್ಟೆ ತರಿಸಿಕೊಳ್ಳಬಹುದು. 10 ಜನರ ದುಡಿಮೆ ಉಳಿಯಿತು. ಇಂಗ್ಲೆಂಡ್ 120 ಜನರಿಂದ ವೈನ್ ಮಾಡಿಸುವ ಬದಲು 100 ಜನರ ಬಟ್ಟೆ ಕೊಟ್ಟು ವೈನ್ ತರಿಸುತ್ತದೆ. ಅಲ್ಲಿ 20 ಉಳಿಯಿತು. ಒಟ್ಟು ಹಾಕು. ಇಬ್ಬರೂ ಎರಡನ್ನೂ ತಾವೇ ಮಾಡಿಕೊಂಡರೆ 390 ಜನ ಬೇಕು. ಇಬ್ಬರಿಗಾಗುವಷ್ಟು ವೈನನ್ನು ಪೋರ್ಚುಗಲ್, ಇಬ್ಬರಿಗಾಗುವಷ್ಟು ಬಟ್ಟೆಯನ್ನು ಇಂಗ್ಲೆಂಡ್ ಮಾಡಿದರೆ 160 ಮತ್ತು 200, ಸೇರಿ 360. ಅದೇ ಬಟ್ಟೆ, ಅದೇ ವೈನ್, 30 ಜನರ ದುಡಿಮೆ ಮಿಕ್ಕಿತು. ಈ ಕೋಷ್ಟಕ ಬರೆದು ಕೆಳಗೆ ಗೆರೆ ಎಳೆ. ಮೌಲ್ಯಮಾಪನ ಮಾಡುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಕಂತೆ ಕಂತೆ ಪೇಪರು ತಿದ್ದಿದವಳು ಹೇಳುತ್ತಿದ್ದೇನೆ.

ಇನ್ನೊಂದು ವಿಷಯ ಸೇರಿಸಿದರೆ ಉತ್ತರ ಗಟ್ಟಿಯಾಗುತ್ತದೆ. ಪೋರ್ಚುಗಲ್ಲಿಗೆ ಒಂದು ಪಾಲು ವೈನಿನ ಬೆಲೆ ಸುಮಾರು 0.89 ಪಾಲು ಬಟ್ಟೆ (80ನ್ನು 90ರಿಂದ ಭಾಗಿಸು). ಇಂಗ್ಲೆಂಡಿಗೆ 1.2 ಪಾಲು ಬಟ್ಟೆ (120ನ್ನು 100ರಿಂದ). ಇವೆರಡರ ನಡುವೆ ಎಲ್ಲಿ ವ್ಯಾಪಾರ ಕುದುರಿದರೂ ಇಬ್ಬರಿಗೂ ಲಾಭ. ಯಾರಿಗೆ ಜಾಸ್ತಿ ಲಾಭ ಅನ್ನುವುದು ಎಲ್ಲಿ ಕುದುರಿತು ಅನ್ನುವುದರ ಮೇಲೆ ನಿಂತಿದೆ. ರಿಕಾರ್ಡೊ ಒಂದಕ್ಕೆ ಒಂದು ಅಂತ ಇಟ್ಟುಕೊಂಡು ಮುಂದೆ ಹೋದ. ಆ ಜಾಗ ಹೇಗೆ ನಿಲ್ಲುತ್ತದೆ ಅಂತ ಬಿಡಿಸಿ ಹೇಳಿದವನು ಆಮೇಲೆ ಬಂದ ಜಾನ್ ಸ್ಟುವರ್ಟ್ ಮಿಲ್. ಯಾರಿಗೆ ಯಾರ ಸರಕು ಎಷ್ಟು ಬೇಕಾಗಿದೆ ಅನ್ನುವುದರ ಮೇಲೆ ಅದು ನಿಲ್ಲುತ್ತದೆ ಅಂದ.

ಪರೀಕ್ಷೆಗೆ ಬೇಡದ, ನನಗೆ ಇಷ್ಟವಾದ ಸಂಗತಿ: ರಿಕಾರ್ಡೊ ಮೇಷ್ಟರಲ್ಲ. ಲಂಡನ್ನಿನ ಷೇರುಪೇಟೆಯಲ್ಲಿ ದುಡ್ಡು ಮಾಡಿದವನು. 1799ರಲ್ಲಿ ಬಾತ್ ಎಂಬ ಊರಿನಲ್ಲಿದ್ದಾಗ ಸ್ಮಿತ್‌ನ ಪುಸ್ತಕ ಕೈಗೆ ಸಿಕ್ಕಿ ಈ ಹುಚ್ಚು ಹತ್ತಿಸಿಕೊಂಡ. ಹೊರಗಿನ ಧಾನ್ಯ ಇಂಗ್ಲೆಂಡಿನ ಒಳಗೆ ಬರದಂತೆ ತಡೆಯುವ ಕಾನೂನು 1815ರಲ್ಲಿ ಬಿಗಿಯಾಗಿತ್ತು. ಭೂಮಾಲೀಕರಿಗೆ ಹಬ್ಬ, ರೊಟ್ಟಿ ಕೊಳ್ಳುವವರಿಗೆ ಕಷ್ಟ. ಅವನ ಜಗಳ ಆ ಕಾನೂನಿನ ಜೊತೆ. ಅದು ರದ್ದಾಗಿದ್ದು 1846ರಲ್ಲಿ. ರಿಕಾರ್ಡೊ 1823ರಲ್ಲೇ ತೀರಿಕೊಂಡಿದ್ದ.

ಪ್ರಶ್ನೆ: ನಮ್ಮ ದೇಶಕ್ಕೆ ಬೇಕಾದ್ದನ್ನೆಲ್ಲ ನಾವೇ ಬೆಳೆದುಕೊಂಡರೆ ಆಗಲ್ವಾ?
– ತರೀಕೆರೆ

ಉತ್ತರ: ಆಗುತ್ತೆ. ಗಾಜಿನ ಮನೆ ಕಟ್ಟಿ, ಗೋಡೆಗೆ ಬಿಸಿ ಕೊಟ್ಟು ಸ್ಕಾಟ್ಲೆಂಡಿನಲ್ಲೂ ಒಳ್ಳೇ ದ್ರಾಕ್ಷಿ ಬೆಳೆಯಬಹುದು, ವೈನೂ ಮಾಡಬಹುದು, ಹೊರಗಿನಿಂದ ತರಿಸುವುದರ ಮೂವತ್ತರಷ್ಟು ಖರ್ಚಾಗುತ್ತದೆ ಅಷ್ಟೇ ಅಂತ ಸ್ಮಿತ್ ಬರೆದಿದ್ದಾನೆ. ಆ ಖರ್ಚು ಕೊಡುವವರು ಯಾರು ಅಂತ ತೀರ್ಮಾನ ಮಾಡಿ ಇನ್ನೊಮ್ಮೆ ಬರೆಯಿರಿ.

ಪ್ರಶ್ನೆ: ವಿಯೆಟ್ನಾಂ ಮೆಣಸು ಶ್ರೀಲಂಕಾ ಹಾದಿಯಲ್ಲಿ ಬಂದು ನಮ್ಮ ರೇಟು ಬೀಳಿಸುತ್ತದೆ. ನೀವು ನೋಡಿದರೆ ಎಲ್ಲರೂ ಮಾಡೋದನ್ನ ಮಾಡಿ, ಕೊಳ್ಳೋದನ್ನ ಕೊಂಡರೆ ಎಲ್ಲರಿಗೂ ಲಾಭ ಅಂತ ಬರೀತೀರಿ. ನನ್ನ ಲಾಭ ಎಲ್ಲಿದೆ ತೋರಿಸಿ ಮೇಡಂ.
– ಸಕಲೇಶಪುರ

ಉತ್ತರ: ತೋರಿಸುವುದಕ್ಕೆ ಆಗುವುದಿಲ್ಲ. ನಿಮ್ಮ ಮೆಣಸಿನಲ್ಲಿ ನಿಮಗೆ ಲಾಭ ಇಲ್ಲ, ನಷ್ಟವೇ ಇದೆ. ಸಿದ್ಧಾಂತ ಹೇಳುವುದು ದೇಶದ ಒಟ್ಟು ಲೆಕ್ಕ. ಅಗ್ಗದ ಮೆಣಸು ಬಂದರೆ ಮಸಾಲೆ ಪುಡಿ ಮಾಡುವವನಿಗೆ, ಹೋಟೆಲಿನವನಿಗೆ, ಮನೆಯಲ್ಲಿ ಸಾರು ಮಾಡುವವರಿಗೆ ಚೂರು ಚೂರು ಉಳಿಯುತ್ತದೆ. ನಿಮಗೆ ಒಂದೇ ಸಲ ದೊಡ್ಡ ಪೆಟ್ಟು. ಆ ಚೂರುಗಳನ್ನೆಲ್ಲ ಕೂಡಿದರೆ ನಿಮ್ಮ ಪೆಟ್ಟಿಗಿಂತ ದೊಡ್ಡದು ಅಂತ ಲೆಕ್ಕ ಹೇಳುತ್ತದೆ. ಗೆದ್ದವರು ಸೋತವರಿಗೆ ಕೊಟ್ಟೂ ಉಳಿಸಿಕೊಳ್ಳಬಹುದು ಅಂತಲೂ ಹೇಳುತ್ತದೆ. ಕೊಡುತ್ತಾರೆ ಅಂತ ಹೇಳುವುದಿಲ್ಲ. ಸಾಮಾನ್ಯವಾಗಿ ಯಾರೂ ಕೊಡುವುದೂ ಇಲ್ಲ. ಈ ಭಾಗವನ್ನು ಪಾಠ ಮಾಡುವವರು ಬೇಗ ದಾಟಿಸಿಬಿಡುತ್ತಾರೆ.

ಇನ್ನೊಂದು ಊಹೆಯೂ ಇದೆ. ಒಂದು ಕೆಲಸ ಹೋದರೆ ದೇಶದ ಒಳಗೆ ಇನ್ನೊಂದಕ್ಕೆ ಹೋಗಬಹುದು ಅಂತ ರಿಕಾರ್ಡೊ ಲೆಕ್ಕ ಇಟ್ಟುಕೊಳ್ಳುತ್ತದೆ. ಮೆಣಸಿನ ಬಳ್ಳಿ ನೆಟ್ಟರೆ ಸರಿಯಾಗಿ ಕೈಗೆ ಬರುವುದಕ್ಕೆ ಮೂರು ನಾಲ್ಕು ವರ್ಷ. ಸೊರಗು ರೋಗ ಬಂದರೆ ಮೊದಲಿಂದ ಶುರು. ರೇಟು ಬಿದ್ದ ವರ್ಷ ಬಳ್ಳಿ ಕಿತ್ತು, ಏರಿದ ವರ್ಷ ಹಬ್ಬಿಸುವುದಕ್ಕೆ ಆಗುತ್ತದಾ?

ಶ್ರೀಲಂಕಾ ಹಾದಿಯ ಮಾತು ಬೇರೆ. ಆ ದೇಶದ ಜೊತೆ ನಮ್ಮ ಮುಕ್ತ ವ್ಯಾಪಾರ ಒಪ್ಪಂದ 1998ರಲ್ಲಿ ಆಯ್ತು, 2000ದಲ್ಲಿ ಜಾರಿಗೆ ಬಂತು. ಅಲ್ಲಿ ಬೆಳೆದ ಸರಕಿಗೆ ಸುಂಕದ ರಿಯಾಯಿತಿ. ಅಲ್ಲಿ ಬೆಳೆಯದ ಸರಕು ಅಲ್ಲಿನ ಕಾಗದ ಅಂಟಿಸಿಕೊಂಡು ಬಂದರೆ ಅದಕ್ಕೆ ತುಲನಾತ್ಮಕ ಅನುಕೂಲ ಅನ್ನುವುದಿಲ್ಲ, ಮೋಸ ಅನ್ನುತ್ತಾರೆ. ರಿಕಾರ್ಡೊ ಹೆಸರು ಹೇಳಿ ಅದನ್ನು ಯಾರೂ ಸಮರ್ಥಿಸಬೇಕಾಗಿಲ್ಲ. ಬೆಳೆಗಾರರ ಕೂಗು ಜೋರಾದ ಮೇಲೆ 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಮೆಣಸಿಗೆ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಹಾಕಿತು. ಅದಕ್ಕಿಂತ ಅಗ್ಗದ ಮೆಣಸು ಒಳಗೆ ಬರಬಾರದು ಅಂತ.

ನೀವು ಕೇಳದೆ ಇದ್ದರೂ ಒಂದು ಹೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡಿ. ಅದೇ ಮರದ ಕೆಳಗಿನ ನಿಮ್ಮ ಕಾಫಿ ಎಲ್ಲಿಗೆ ಹೋಗುತ್ತದೆ? ಭಾರತದ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರದೇಶಕ್ಕೆ. ಇಟಲಿಯವರು ನಮ್ಮ ದೊಡ್ಡ ಗಿರಾಕಿ. ಮೆಣಸಿನಲ್ಲಿ ನೀವು ಬಾಗಿಲು ಹಾಕಿ ಅನ್ನುತ್ತೀರಿ, ಕಾಫಿಯಲ್ಲಿ ಅವರು ಬಾಗಿಲು ತೆಗೆದಿರಲಿ ಅನ್ನುತ್ತೀರಿ. ನಿಮ್ಮ ಜಾಗದಲ್ಲಿ ನಾನಿದ್ದರೂ ಹಾಗೇ ಹೇಳುತ್ತಿದ್ದೆ. ಇದ್ದೇನೆ ಕೂಡ, ನಮ್ಮದೂ ಮೆಣಸು ಇದೆಯಲ್ಲ.

ವಿಯೆಟ್ನಾಮಿಗೆ ಈ ಅನುಕೂಲ ಹುಟ್ಟುತ್ತಲೇ ಬಂದದ್ದಲ್ಲ, ಕಾಫಿಯಲ್ಲೇ ನೋಡಿ. 1986ರಲ್ಲಿ ಅಲ್ಲಿ ಆರ್ಥಿಕ ನೀತಿ ಬದಲಾಯಿತು. ಆಗ ಕಾಫಿ ಲೋಕದಲ್ಲಿ ಆ ದೇಶದ ಹೆಸರು ಕೇಳಿದವರು ಕಡಿಮೆ. ಗುಡ್ಡ ಸೀಮೆಯಲ್ಲಿ ಗಿಡ ಹಾಕಿಸಿದರು, ನೀರು ಕೊಟ್ಟರು, ಗೊಬ್ಬರ ಸುರಿದರು. ಇವತ್ತು ರೋಬಸ್ಟಾದಲ್ಲಿ ಜಗತ್ತಿಗೇ ಮೊದಲು. ಹೆಕ್ಟೇರಿಗೆ ಎರಡು ಟನ್ನಿಗಿಂತ ಜಾಸ್ತಿ ತೆಗೆಯುತ್ತಾರೆ. ನಮ್ಮ ಸರಾಸರಿ ಅದರ ಹತ್ತಿರವೂ ಇಲ್ಲ. ಆದರೆ ಅವರಲ್ಲಿ ಕಾಫಿ ಬಹುಪಾಲು ಬಿಸಿಲಿಗೆ ಬೆಳೆಯುತ್ತದೆ. ನಮ್ಮಲ್ಲಿ ನೆರಳು, ನೆರಳಿನ ಮರಕ್ಕೆ ಮೆಣಸು, ನಡುವೆ ಕಿತ್ತಳೆ, ಅಲ್ಲಲ್ಲಿ ಏಲಕ್ಕಿ. ಕಾಫಿ ಬೆಳೆಯುವುದಕ್ಕೆ ನಾವು ಮೆಣಸು ಬಿಡಬೇಕಾಗಿಲ್ಲ. ನಮ್ಮ ಕಾಫಿಯ ನಿಜವಾದ ಬೆಲೆ ಕಡಿಮೆಯಾಗುವುದು ಅಲ್ಲಿ. ಎಕರೆಗೆ ಎಷ್ಟು ಮೂಟೆ ಅಂತ ವಿಯೆಟ್ನಾಂ ಜೊತೆ ಪಂದ್ಯ ಕಟ್ಟಿ ನೆರಳು ಕಡಿಸುವವರು ಈ ಲೆಕ್ಕ ಬಿಟ್ಟಿರುತ್ತಾರೆ.

ಬಾಬಾಬುಡನ್ ಯೆಮನ್ನಿನಿಂದ ಏಳು ಬೀಜ ತಂದು ನಮ್ಮ ಗಿರಿಯಲ್ಲಿ ಹಾಕಿದರು ಅಂತ ಹೇಳಿಕೆ ಇದೆ. ಆ ಕಾಲಕ್ಕೆ ಕಾಫಿ ಅಂದರೆ ಯೆಮನ್ನಿನ ಮೋಖಾ ಬಂದರು. ಆ ಬಂದರಿನ ವ್ಯಾಪಾರಿಗಳು ಪತ್ರಿಕೆಗೆ ಬರೆಯುವ ಹಾಗಿದ್ದರೆ, ನಿಮ್ಮ ಕಾಗದವನ್ನೇ ನಮ್ಮ ಮೇಲೆ ಬರೆಯುತ್ತಿದ್ದರು.

ಅನುಕೂಲ ಹೀಗೆ ಕೈ ಬದಲಾಯಿಸುತ್ತದೆ ಅನ್ನುವುದು ಅರ್ಥಶಾಸ್ತ್ರದವರಿಗೆ ಗೊತ್ತಿಲ್ಲ ಅಂತಲ್ಲ. ಸಮಾಜ ವಿಜ್ಞಾನಗಳಲ್ಲಿ ನಿಜವೂ ಆಗಿ, ಮೇಲುನೋಟಕ್ಕೆ ಹೊಳೆಯದ್ದೂ ಆದ ಒಂದು ಮಾತು ಹೇಳಿ ಅಂತ ಗಣಿತಜ್ಞ ಉಲಾಂ ಕೇಳಿದಾಗ, ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮುಯೆಲ್ಸನ್ ಕೊನೆಗೆ ಹೇಳಿದ್ದು ಈ ತುಲನಾತ್ಮಕ ಅನುಕೂಲವನ್ನೇ. ಅದೇ ಸ್ಯಾಮುಯೆಲ್ಸನ್ 2004ರಲ್ಲಿ, ತೊಂಬತ್ತರ ಹತ್ತಿರ, ಇನ್ನೊಂದು ಲೇಖನ ಬರೆದರು. ನಾವು ಮಾರುವ ಸರಕಿನಲ್ಲೇ ಎದುರು ದೇಶ ಪಳಗಿಬಿಟ್ಟರೆ ನಮ್ಮ ಒಟ್ಟು ಲಾಭವೂ ಇಳಿಯಬಹುದು ಅಂತ. ಸಕಲೇಶಪುರದ ಅನುಭವ ಅವರಿಗೆ ಗೊತ್ತಿರಲಿಲ್ಲ, ಆದರೆ ಸಮೀಪಕ್ಕೆ ಬಂದಿದ್ದರು.

ಪ್ರಶ್ನೆ: ಹಾಸನದ ಆಲೂಗಡ್ಡೆ ಅಂತ ಹೆಸರಿದೆ. ಬಿತ್ತನೆ ಗಡ್ಡೆ ಮಾತ್ರ ವರ್ಷಾ ವರ್ಷ ಪಂಜಾಬಿನ ಜಲಂಧರ್‌ನಿಂದ ಲಾರಿಯಲ್ಲಿ ಬರಬೇಕು. ನಾವೇ ಬೀಜ ಮಾಡಿಕೊಂಡರೆ ದುಡ್ಡು ಉಳಿಯಲ್ವಾ?
– ಹಾಸನ ತಾಲ್ಲೂಕಿನ ರೈತರು

ಉತ್ತರ: ಬೀಜದ ಗಡ್ಡೆಗೆ ದೊಡ್ಡ ಶತ್ರು ಗಿಡಹೇನು. ಅದು ನಂಜು ರೋಗ ಹರಡುತ್ತದೆ, ನಂಜು ಗಡ್ಡೆಯಲ್ಲಿ ಕೂತು ಮುಂದಿನ ವರ್ಷಕ್ಕೆ ದಾಟುತ್ತದೆ. ಪಂಜಾಬಿನ ಚಳಿಗಾಲದಲ್ಲಿ ಗಿಡಹೇನು ಕಡಿಮೆ ಇರುವ ಕೆಲವು ವಾರ ಸಿಗುತ್ತವೆ. ಅದನ್ನೇ ನೋಡಿಕೊಂಡು ಬೀಜದ ಬೆಳೆ ತೆಗೆದು, ಹೇನು ಜಾಸ್ತಿಯಾಗುವ ಮುಂಚೆ ಸೊಪ್ಪು ಕಡಿದುಹಾಕುತ್ತಾರೆ. ಕಿತ್ತ ಗಡ್ಡೆ ಕೋಲ್ಡ್ ಸ್ಟೋರೇಜಿಗೆ ಹೋಗುತ್ತದೆ. ನಿಮಗೆ ಮೇ ತಿಂಗಳಲ್ಲಿ ಬಿತ್ತನೆಗೆ ಸರಿಯಾಗಿ ಮೊಳಕೆ ಒಡೆಯುವ ಹದಕ್ಕೆ ಬಂದಿರುತ್ತದೆ. ನಿಮ್ಮ ಮಳೆಗಾಲದ ಗಡ್ಡೆ ಆಗಸ್ಟ್ ಸುಮಾರಿಗೆ ಬರುತ್ತದೆ. ಆಗ ಉತ್ತರ ಭಾರತದ ಬಯಲಿನಲ್ಲಿ ಹೊಸ ಗಡ್ಡೆ ಇರುವುದಿಲ್ಲ, ಕೋಲ್ಡ್ ಸ್ಟೋರೇಜಿನ ಹಳೇ ಮಾಲೇ ಗತಿ. ಅವರ ಅನುಕೂಲ ಅವರ ಚಳಿಯಲ್ಲಿ, ನಿಮ್ಮದು ನಿಮ್ಮ ಮಳೆಯಲ್ಲಿ. ಬೀಜ ನೀವೇ ಮಾಡಬಹುದು. ಆದರೆ ಅದಕ್ಕೆ ಕೊಡುವ ಹೊಲ, ಔಷಧಿ, ಶೀತಲ ಗೋದಾಮು, ಇವೆಲ್ಲ ಸೇರಿದರೆ ಲಾರಿ ಬಾಡಿಗೆ ಅಗ್ಗ ಅನ್ನಿಸುತ್ತದೆ.

ತೊಂದರೆ ಬೀಜಕ್ಕಿಂತ ಅಂಗಮಾರಿ ಅನ್ನುವ ಸೊಪ್ಪು ಕೊಳೆಸುವ ರೋಗದ್ದು. ಕುಫ್ರಿ ಜ್ಯೋತಿ ತಳಿಯನ್ನೇ ನಂಬಿ ಕೂತಿದ್ದ ಹೊಲಗಳಲ್ಲಿ, ಮೋಡ ಮುಚ್ಚಿ ಜಡಿಮಳೆ ಹಿಡಿದರೆ ವಾರದೊಳಗೆ ಸೊಪ್ಪು ಕಪ್ಪಾಗಿ ಗಬ್ಬು ನಾರುತ್ತದೆ. ಹಾಗಾಗಿ ಎಷ್ಟೋ ಜನ ಮುಸುಕಿನ ಜೋಳಕ್ಕೆ, ಶುಂಠಿಗೆ ಹೋದರು. ಹೆಸರು ಹಾಸನದ್ದೇ ಉಳಿಯಿತು, ಅನುಕೂಲ ಸರಿದು ಹೋಯ್ತು. ರೋಗ ತಡೆಯುವ ತಳಿ ಬಂದರೆ ಮತ್ತೆ ಇತ್ತ ತಿರುಗಬಹುದು. ಅದನ್ನು ಒಬ್ಬೊಬ್ಬ ರೈತ ತನ್ನ ಹೊಲದಲ್ಲಿ ಮಾಡಿಕೊಳ್ಳುವುದಕ್ಕೆ ಆಗುವುದಿಲ್ಲ. ಸಂಶೋಧನೆಗೆ ದುಡ್ಡು ಹಾಕುವವರು ಬೇಕು.

ಪ್ರಶ್ನೆ: ನನ್ನ ಯಜಮಾನರು ನಿಮ್ಮ ಅಂಕಣ ಓದಿ, ‘ನೋಡು, ನೀನು ಅಡುಗೆಯಲ್ಲಿ ಚೆನ್ನಾಗಿದ್ದೀಯ, ನಾನು ಸಂಪಾದನೆಯಲ್ಲಿ. ಮೇಡಂ ಹೇಳಿದ್ದು ಇದೇ’ ಅಂತಾರೆ. ನಾನು ಬಿ.ಕಾಂ. ಮದುವೆಗೆ ಮುಂಚೆ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆ. ನೀವು ಹೇಳಿದ್ದು ನಿಜವಾಗಲೂ ಇದೇನಾ?
– ಗೃಹಿಣಿ, ಚಿಕ್ಕಮಗಳೂರು

ಉತ್ತರ: ಅಲ್ಲ. ಇದನ್ನು ಯಜಮಾನರಿಗೆ ಓದಿ ಹೇಳಿ.

ಸ್ವಾಮಿ, ನೀವು ಅಕ್ಕಿ ರೊಟ್ಟಿ ತಟ್ಟಿ ನೋಡಿದ್ದೀರಾ? ನೋಡದೆ ನಿಮ್ಮ ಅಂಕಿ ಎಲ್ಲಿಂದ ಬಂತು? ಮೊದಲ ದಿನ ಯಾರ ರೊಟ್ಟಿಯೂ ಕಾವಲಿ ಮೇಲೆ ದುಂಡಗೆ ಕೂರುವುದಿಲ್ಲ. ಅಂಚು ಸೀಳುತ್ತದೆ, ಮಧ್ಯ ದಪ್ಪ ಉಳಿಯುತ್ತದೆ. ನಿಮ್ಮ ಹೆಂಡತಿಯದೂ ಮೊದಲು ಹಾಗೇ ಇತ್ತು. ದಿನಾ ತಟ್ಟಿ ತಟ್ಟಿ ಕೈ ಪಳಗಿತು. ನಿಮಗೆ ಆಫೀಸು ಪಳಗಿತು. ಮೊದಲು ಕೆಲಸ ಹಂಚಿ, ಆಮೇಲೆ ಬಂದ ವ್ಯತ್ಯಾಸವನ್ನು ತೋರಿಸಿ ‘ಅದಕ್ಕೇ ಹಂಚಿದ್ದು’ ಅಂದರೆ ಅದು ಲೆಕ್ಕ ಆಗುವುದಿಲ್ಲ. ಮನೆಯೊಳಗಿನ ಕೆಲಸಕ್ಕೆ ಈ ಸಿದ್ಧಾಂತ ಹಚ್ಚಿದವರು ಗ್ಯಾರಿ ಬೆಕರ್. 1992ರಲ್ಲಿ ನೊಬೆಲ್ ಸಿಕ್ಕಿತು. ಶುರುವಿನಲ್ಲಿ ಚೂರೇ ಚೂರು ವ್ಯತ್ಯಾಸ ಇದ್ದರೂ ಅಭ್ಯಾಸದಿಂದ ಅದು ಬೆಟ್ಟವಾಗುತ್ತದೆ ಅಂತ ಅವರೇ ಹೇಳಿದ್ದಾರೆ.

ಇನ್ನು ನಿಮಗೆ, ಅಮ್ಮ. ಈ ವ್ಯವಹಾರದಲ್ಲಿ ನೀವು ಬಿಟ್ಟದ್ದು ಆಡಿಟರ್ ಆಫೀಸಿನ ಸಂಬಳ. ಜೊತೆಗೆ ಅಲ್ಲಿ ವರ್ಷ ಕಳೆದ ಹಾಗೆ ಬರುತ್ತಿದ್ದ ಅನುಭವ. ಅದೂ ಲೆಕ್ಕಕ್ಕೆ ಬರಬೇಕು. ರಿಕಾರ್ಡೊ ಕಥೆಯಲ್ಲಿ ಪೋರ್ಚುಗಲ್ಲಿಗೆ ವ್ಯಾಪಾರ ಬೇಡ ಅನ್ನಿಸಿದರೆ ಅದು ನಾಳೆಯೇ ಬಟ್ಟೆ ನೇಯಬಹುದು. ಹತ್ತು ವರ್ಷ ಲೆಡ್ಜರ್ ಮುಟ್ಟದವರಿಗೆ ಅಷ್ಟು ಸುಲಭವಲ್ಲ. ಆ ಕಾರಣಕ್ಕೇ ಮನೆಯ ಚೌಕಾಸಿಯಲ್ಲಿ ನಿಮ್ಮ ಮಾತಿನ ತೂಕ ಕಡಿಮೆಯಾಗುತ್ತದೆ. ರಿಟರ್ನ್ಸ್ ಹಾಕುವ ಕಡೇ ದಿನಗಳು ಬಂದರೆ ಆಡಿಟರ್ ಆಫೀಸುಗಳಲ್ಲಿ ಕೂರುವುದಕ್ಕೆ ಜಾಗ ಇರುವುದಿಲ್ಲ, ಕೈ ಸಾಲುವುದಿಲ್ಲ. ಅರ್ಧ ದಿನದ ಕೆಲಸ ಕೇಳಿ ನೋಡಿ. ಆ ತಿಂಗಳು ರೊಟ್ಟಿ ಯಜಮಾನರು ತಟ್ಟಲಿ, ಅಂಚು ಸೀಳಿದರೆ ಉಪ್ಪಿಟ್ಟು ಮಾಡಲಿ.

ಪ್ರಶ್ನೆ: ಅಣ್ಣ, ನಾನು ಸೇರಿ ಹಾರ್ಡ್‌ವೇರ್ ಅಂಗಡಿ ನಡೆಸುತ್ತೇವೆ. ಗಿರಾಕಿ ಹತ್ತಿರ ಮಾತಾಡುವುದರಲ್ಲೂ, ಬಿಲ್ಲು ಲೆಕ್ಕದಲ್ಲೂ ಅವನೇ ಮೇಲು. ನಾನು ಇಲ್ಲಿ ದಂಡ ಅನ್ನಿಸುತ್ತದೆ. ಬಿಟ್ಟು ಬೆಂಗಳೂರಿಗೆ ಹೋಗಲಾ?
– ಹೆಸರು ಬೇಡ, ಕಡೂರು

ಉತ್ತರ: ದಂಡ ಅಲ್ಲ. ನಿಮ್ಮಿಬ್ಬರ ವ್ಯತ್ಯಾಸ ಎರಡೂ ಕೆಲಸದಲ್ಲಿ ತದ್ವತ್ ಒಂದೇ ಆಗಿದ್ದರೆ ಮಾತ್ರ ಕೆಲಸ ಹಂಚಿಕೊಂಡು ಲಾಭವಿಲ್ಲ. ಹಾಗಿರುವುದು ತೀರಾ ಕಡಿಮೆ. ಅಣ್ಣ ಮಾತಿನಲ್ಲಿ ನಿಮ್ಮ ಮೂರರಷ್ಟು, ಲೆಕ್ಕದಲ್ಲಿ ಒಂದೂವರೆಯಷ್ಟು ಅಂತಿಟ್ಟುಕೊಳ್ಳಿ. ಅವನು ಪುಸ್ತಕದ ಮುಂದೆ ಕೂತ ಪ್ರತಿ ಗಂಟೆಯೂ ಕೌಂಟರಿನಲ್ಲಿ ಗಿರಾಕಿ ವಾಪಸು ಹೋಗುತ್ತಾನೆ. ಲೆಕ್ಕ ನಿಮ್ಮದು.

ಆದರೆ ಒಂದನ್ನು ಮುಚ್ಚಿಡುವುದಿಲ್ಲ. ಯಾವ ಕೆಲಸ ನಿಮಗೆ ಅಂತ ಹೇಳುವುದು ತುಲನಾತ್ಮಕ ಅನುಕೂಲ. ಆ ಕೆಲಸಕ್ಕೆ ಎಷ್ಟು ಸಿಗುತ್ತದೆ ಅನ್ನುವುದು ನೀವು ಗಂಟೆಗೆ ಎಷ್ಟು ಮಾಡುತ್ತೀರಿ ಅನ್ನುವುದರ ಮೇಲೆ, ಅಂದರೆ ನಿರಪೇಕ್ಷ ಲೆಕ್ಕದ ಮೇಲೆ ನಿಲ್ಲುತ್ತದೆ. ಬಡ ದೇಶಕ್ಕೂ ಮಾರುವುದಕ್ಕೆ ಏನಾದರೂ ಇದ್ದೇ ಇರುತ್ತದೆ, ಕೂಲಿ ಮಾತ್ರ ಕಡಿಮೆ ಇರುತ್ತದೆ. ಕಾರಣ ಇದೇ. ಹಾಗಾಗಿ ಲೆಕ್ಕದ ಕೆಲಸ ಹಿಡಿದು ಅಲ್ಲೇ ನಿಲ್ಲಬೇಡಿ. ಜಿಎಸ್‌ಟಿ ರಿಟರ್ನ್ ತುಂಬುವುದು, ಸ್ಟಾಕು ಕಂಪ್ಯೂಟರಿಗೆ ಹಾಕುವುದು ಕಲಿಯಿರಿ. ಕಡೂರಿನಲ್ಲಿ ತೆಂಗು, ಅಡಿಕೆ ವ್ಯಾಪಾರದವರಿಗೂ ಅದು ಬೇಕು.

ಪಾಲು ಎಷ್ಟು ಅಂತ ಅಣ್ಣನ ಹತ್ತಿರ ಈಗಲೇ ಕೂತು ಮಾತಾಡಿ. ಮೇಲೆ ಹುಡುಗಿಗೆ ಬರೆದ 0.89, 1.2 ನೋಡಿ. ನಡುವೆ ಎಲ್ಲಿ ನಿಂತರೂ ಇಬ್ಬರಿಗೂ ಲಾಭವೇ, ಆದರೆ ಒಂದೇ ಥರದ ಲಾಭ ಅಲ್ಲ. ಬೆಂಗಳೂರಿನಲ್ಲಿ ಎಷ್ಟು ಸಂಬಳ ಸಿಗುತ್ತದೆ ಅಂತ ವಿಚಾರಿಸಿಕೊಂಡು ಆ ಮಾತಿಗೆ ಕೂರಿ. ಹೋಗುವುದಕ್ಕೆ ಅಂತಲ್ಲ, ಅಂಗಡಿಯಲ್ಲಿ ಉಳಿಯಬೇಕಾದರೆ ನೀವು ಕೇಳಬಹುದಾದ ಕನಿಷ್ಠ ಮೊತ್ತ ಅದೇ.